ಬೆನ್ನಿಗೆ ಕೊಡುವ ಮದ್ದು

ಹದಿನಾಲ್ಕನೇ ತಾರೀಖು, ಬುಧವಾರ ಮಧ್ಯಾಹ್ನ
ಪಶು ಆಸ್ಪತ್ರೆಯ ಮಹಡಿ ಕೋಣೆ

ಪ್ರೀತಿಯ ಅಕ್ಕನಿಗೆ ನಿನ್ನ ಮೊಂಡಿಯ ನಮಸ್ಕಾರಗಳು.

ನಿನ್ನ ಕಾಗದ ಸೋಮವಾರವೇ ಕೈಸೇರಿತು. ಎರಡು ದಿನದಿಂದ ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೇನೆ. ನಿನ್ನೆ ಒಂದು ಹಸುವಿನ ಕೆಚ್ಚಲಿಗೆ ಹೊಲಿಗೆ ಹಾಕುವಾಗಲೂ ಅದರ ಮಡಿಕೆಯ ಮೂಲೆ ಎದೆಗೆ ಒತ್ತುತ್ತಿತ್ತು. ಇವತ್ತು ಕೇಸು ಕಡಿಮೆ. ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಕಿಟಕಿಯ ಕೆಳಗೆ ಯಾರದೋ ಕರು ತಾಯಿಯನ್ನು ಕರೆಯುತ್ತಿದೆ, ಅದು ಬಿಟ್ಟರೆ ಸದ್ದಿಲ್ಲ.

ನೀನು ಬರೆದದ್ದನ್ನು ನಿನಗೇ ಓದಿ ಹೇಳುವುದು ಹುಚ್ಚುತನ. ಆದರೂ ನಾನು ಸರಿಯಾಗಿ ಅರ್ಥಮಾಡಿಕೊಂಡಿದ್ದೇನೆಯೇ ನೋಡು. ಕಳೆದ ಶುಕ್ರವಾರ ಸಂಜೆ ನಿನ್ನ ಹೊಲಿಗೆ ಅಂಗಡಿಗೆ ಸಣಕಲು ಮನುಷ್ಯರೊಬ್ಬರು ಲೈನಿಂಗ್ ಹರಿದ ಕೋಟು ಹಿಡಿದುಕೊಂಡು ಬಂದರು. ಅವರಿಗೆ ನಿನ್ನ ಗುರುತು ಸಿಗಲಿಲ್ಲ. ನಿನಗೆ ಸಿಕ್ಕಿತು. ಅಮ್ಮ ಮಲಗಿದ್ದ ಆಸ್ಪತ್ರೆಯ ನೋವಿನ ಡಾಕ್ಟರು. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ನೀನು ಕೈಯಲ್ಲಿದ್ದ ಕತ್ತರಿಯನ್ನೂ ಕೆಳಗಿಡದೆ ಹೇಳಿದೆಯಂತೆ, "ನಿಮ್ಮ ಕೋಟು ನಾನು ಮುಟ್ಟಲ್ಲ. ಐದು ದಿನ ನಮ್ಮಮ್ಮ ಹಲ್ಲು ಕಚ್ಚಿಕೊಂಡು ನರಳಿದ್ಲು. ಬೆಳಿಗ್ಗೆ ಬೆನ್ನಿಗೆ ಮದ್ದು ಹಾಕ್ತೀನಿ ಅಂದ್ರಿ, ಮಧ್ಯಾಹ್ನ ನನ್ನ ತಂಗಿಗೆ ಫೋನಲ್ಲಿ ಆಗಲ್ಲ ಅಂದ್ರಿ. ಅವಳು ಓದಿದವಳು ಬಂದು ಕೇಳಿದ ಮೇಲೆ ಹಾಕಿದ್ರಿ. ಬಡವರು ಕೇಳಿದ್ರೆ ಕಿವಿ ಕೇಳಿಸಲ್ವಾ?" ಎಂದು.

ಅವರು, "ಫೋನಲ್ಲಿ ಹೇಳಿದ್ನಾ?" ಎಂದು ಕೇಳಿದರಂತೆ. ಆಮೇಲೆ, "ಇರಬಹುದಮ್ಮಾ, ನನಗೆ ಮರೆತುಹೋಗಿರಬೇಕು," ಎಂದು ಕೋಟು ಮಡಿಸಿಕೊಂಡು ಹೋದರಂತೆ. 'ಎಂಥ ನಾಚಿಕೆಗೆಟ್ಟವನು ನೋಡು, ಒಬ್ಬ ತಾಯಿಯ ನೋವು ಮರೆತುಹೋಗುತ್ತದಂತೆ' ಎಂದು ಬರೆದಿದ್ದೀಯ. ಹದಿಮೂರು ತಿಂಗಳಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಅವತ್ತು ಹೊರಬಂತು, ಹೊಟ್ಟೆ ತಣ್ಣಗಾಯಿತು ಎಂದಿದ್ದೀಯ.

ಅಕ್ಕಾ, ಅವರು ಏನನ್ನೂ ಮರೆತಿಲ್ಲ. ಅವರು ನನ್ನೊಂದಿಗೆ ಫೋನಿನಲ್ಲಿ ಮಾತಾಡಿರಲೇ ಇಲ್ಲ. ನಾನು ಅವರಿಗೆ ಫೋನ್ ಮಾಡಿರಲೇ ಇಲ್ಲ.

ಬರೆದುಬಿಟ್ಟೆ. ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬಂದೆ. ಇನ್ನು ಮೊದಲಿನಿಂದ ಹೇಳುತ್ತೇನೆ. ಎಲ್ಲಿಯೂ ನಿಲ್ಲಿಸದೆ ಕೊನೆಯವರೆಗೂ ಓದು. ಅರ್ಧಕ್ಕೆ ಹರಿದು ಹಾಕಬೇಕೆನಿಸಿದರೂ ಓದು.

ಅಮ್ಮನ ಬೆನ್ನುನೋವನ್ನು ನಾವಿಬ್ಬರೂ ಎಷ್ಟು ವರ್ಷ ಕೇಳಿಸಿಕೊಂಡೆವು! ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಚಾದರ ಇಸ್ತ್ರಿ ಮಾಡಿದವಳಿಗೆ ಬೆನ್ನು ನೋಯದೆ ಇನ್ನೇನು ನೋಯಬೇಕು ಎಂದುಕೊಂಡೆವು. ಅವಳೂ ಹಾಗೇ ಹೇಳುತ್ತಿದ್ದಳು, "ಇದು ನನ್ನ ಬೆನ್ನಲ್ಲ, ಲಾಂಡ್ರಿ ಮೇಜಿನ ಇನ್ನೊಂದು ಕಾಲು" ಎಂದು. ಅದು ರೋಗ ಎಂದು ಗೊತ್ತಾಗುವ ಹೊತ್ತಿಗೆ ಎದೆಯಲ್ಲಿ ಹುಟ್ಟಿದ ಗಂಟು ಬೆನ್ನುಮೂಳೆಗೆ ಇಳಿದಾಗಿತ್ತು. ನೀನು ಅಂಗಡಿಯ ಶಟರ್ ಅರ್ಧ ಎಳೆದು ಆಸ್ಪತ್ರೆಗೂ ಮನೆಗೂ ತಿರುಗಿದೆ. ನಾನು ಆರು ಗಂಟೆಯ ಬಸ್ ದಾರಿಯ ದೂರದಲ್ಲಿ ಆಡುಗಳ ಬೆನ್ನಿಗೆ ಸೂಜಿ ಹಾಕುತ್ತಿದ್ದೆ.

ಆ ಕೆಲಸವನ್ನು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ನೀನು ಅಂಗಡಿಗೆ ಬಂದವರಿಗೆಲ್ಲ, "ನನ್ನ ತಂಗಿ ಮೂಕ ಪ್ರಾಣಿಗಳ ನೋವು ತೆಗೆಯೋ ಡಾಕ್ಟರು" ಎನ್ನುತ್ತಿದ್ದೆ. ನಾನು ನಗುತ್ತಿದ್ದೆ. ನಿಜ ಏನೆಂದರೆ, ಆಡಿಗೆ ಮರಿ ಹೊರಬರದೆ ಹೊಟ್ಟೆ ಕೊಯ್ಯಬೇಕಾದಾಗ, ಕೆಚ್ಚಲು ಕೊಳೆತು ತೆಗೆಯಬೇಕಾದಾಗ, ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಅದು ಮತ್ತೆ ಏಳುತ್ತದೆಂಬ ನೆಚ್ಚಿಕೆಯಿಲ್ಲ. ಅದಕ್ಕೆ ಸೊಂಟದ ಕೊನೆಯಲ್ಲಿ, ಎರಡು ಮೂಳೆಗಳ ನಡುವಿನ ತಗ್ಗಿನಲ್ಲಿ ಸೂಜಿ ಇಳಿಸಿ, ಬೆನ್ನುಹುರಿಯ ಹೊರಪೊರೆಯ ಆಚೆಗೆ ಮದ್ದು ಬಿಡುತ್ತೇವೆ. ಹಿಂಭಾಗ ಮರಗಟ್ಟುತ್ತದೆ, ಆಡು ಎಚ್ಚರವಾಗಿಯೇ ಇರುತ್ತದೆ. ಯಾವ ಮದ್ದು ಒಳ್ಳೆಯದು ಎಂದು ಹೋಲಿಸುವುದೇ ನನ್ನ ಥೀಸಿಸ್. ಒಂದು, ಹಲ್ಲು ಕೀಳುವಾಗ ವಸಡಿಗೆ ಕೊಡುತ್ತಾರಲ್ಲ, ಆ ಜಾತಿಯದು. ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ. ಎರಡನೆಯದು ಮಂಪರಿನ ಮದ್ದು. ನಿಧಾನವಾಗಿ ಹಿಡಿದು ಬಹಳ ಹೊತ್ತು ನಿಲ್ಲುತ್ತದೆ, ಆದರೆ ಎದೆಬಡಿತ ಇಳಿಸುತ್ತದೆ. ಮೂರನೆಯದು ಎರಡರ ಬೆರಕೆ.

ಆರು ಆಡು, ಮೂರು ವಾರ. ದಿನಕ್ಕೊಂದು ಆಡಿನ ಸರದಿ. ಒಂದು ವಾರ ಬಿಟ್ಟು ಅದೇ ಆಡಿಗೆ ಬೇರೆ ಮದ್ದು. ಹೀಗೆ ಪ್ರತಿಯೊಂದು ಆಡೂ ಮೂರನ್ನೂ ಕಾಣಬೇಕು. ಮದ್ದು ಹಾಕಿದ ಮೇಲೆ ಐದೈದು ನಿಮಿಷಕ್ಕೆ ಬಾಲದ ಬುಡದಲ್ಲಿ, ತೊಡೆಯಲ್ಲಿ, ಪಕ್ಕೆಯಲ್ಲಿ ಸೂಜಿಮೊನೆ ತಾಗಿಸಿ ನೋಡಬೇಕು. ತಿರುಗಿ ನೋಡಿತೇ, ಚರ್ಮ ಅದುರಿತೇ, ಕಾಲು ಎಳೆದುಕೊಂಡಿತೇ? ಅದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಸೊನ್ನೆ ಅಂದರೆ ನೋವಿದೆ, ಮೂರು ಅಂದರೆ ಚುಚ್ಚಿದರೂ ಗೊತ್ತಿಲ್ಲ. ಮದ್ದು ಪೂರ್ತಿ ಇಳಿಯುವವರೆಗೆ ಎದೆಬಡಿತ, ಉಸಿರು, ಹೊಟ್ಟೆಯ ಸದ್ದು, ಎಲ್ಲ ಬರೆಯಬೇಕು.

ಕೊಟ್ಟಿಗೆ ನೋಡಿಕೊಳ್ಳುವ ಒಬ್ಬ ಮುದುಕರಿದ್ದರು. ಎಲ್ಲರೂ ಅವರನ್ನು ಕೊಟ್ಟಿಗೆ ಮಾಮ ಎನ್ನುತ್ತಿದ್ದರು. ನಾನು ಆಡುಗಳಿಗೆ ನಂಬರು ಕೊಟ್ಟಿದ್ದೆ, ಅವರು ಹೆಸರು ಕೊಟ್ಟರು. ಎಡಕಿವಿ ಸೀಳಿದ್ದು ಕಿವಿಹರುಕಿ. ಎಲ್ಲರ ಮೇವಿಗೂ ಬಾಯಿ ಹಾಕುವುದು ಜಗಳಗಂಟಿ. ತೂಕ ನೋಡಲು ಹೋದರೆ ತಕ್ಕಡಿಯ ಮೇಲೆ ಮೂತ್ರ ಮಾಡಿಬಿಡುವುದು ಮಹಾರಾಣಿ. "ನಿಮ್ಮನ್ನ ಕಂಡ್ರೆ ಅವಕ್ಕೆ ಹೆದರಿಕೆ ಇಲ್ಲ ಮೇಡಂ, ಆ ಗಡಿಯಾರ ಕಂಡ್ರೆ ಹೆದರಿಕೆ" ಎನ್ನುತ್ತಿದ್ದರು ಮಾಮ. ನಿಜವಿರಬೇಕು. ನಾನೂ ಆ ಗಡಿಯಾರವನ್ನು ಬಿಟ್ಟು ಬೇರೆ ಮುಖ ನೋಡುತ್ತಿರಲಿಲ್ಲ.

ಮೂರನೆಯ ವಾರದ ಮಂಗಳವಾರ, ಹನ್ನೊಂದು ಗಂಟೆಗೆ ನಿನ್ನ ಫೋನು ಬಂತು. ನೀನು ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದೆ, ಯಾರೋ ಬಕೆಟ್ಟು ಎಳೆಯುವ ಸದ್ದು ಕೇಳಿಸುತ್ತಿತ್ತು. "ನುಂಗೋ ಮಾತ್ರೆ ಏನೂ ನಾಟ್ತಿಲ್ಲ ಕಣೇ. ನೋವಿನ ಡಾಕ್ಟರು ಬೆನ್ನಿಗೆ ಸಣ್ಣ ನಳಿಕೆ ಇಟ್ಟು ಅದರಲ್ಲೇ ಮದ್ದು ಬಿಡ್ತೀನಿ ಅಂತಾರೆ. ಎರಡು ಗಂಟೆ ಒಳಗೆ ಸೈನ್ ಹಾಕ್ಬೇಕಂತೆ. ಕಾಲು ಸತ್ತುಹೋದ್ರೆ ಏನ್ ಮಾಡ್ಲಿ? ಅಮ್ಮ ಅಂತಾಳೆ, ಮೊಂಡೀನ ಕೇಳು, ಅವಳು ದಿನಾ ಆಡಿಗೆ ಹಾಕ್ತಾಳಂತಲ್ಲ, ಅದೇ ಸೂಜಿ ಅಂತ." ಇಷ್ಟು ಹೇಳಿ ನೀನು ನಕ್ಕೆ, ನಗುತ್ತಲೇ ಅತ್ತೆ. ಮೊದಲೆರಡು ದಿನ ಯಾರಾದರೂ ಹತ್ತಿರವೇ ಕೂತು ಕಾಲು, ಉಸಿರು ನೋಡುತ್ತಿರಬೇಕಂತೆ ಎಂದೆ. "ನೀನು ಇವತ್ತೇ ಹೊರಟು ಬರ್ತೀನಿ ಅಂದ್ರೆ ಸೈನ್ ಹಾಕ್ತೀನಿ, ಒಬ್ಬಳೇ ನನ್ನ ಕೈಲಾಗಲ್ಲ" ಎಂದೆ.

ಡಾಕ್ಟರ ಹತ್ತಿರ ನಾನೇ ಮಾತಾಡಿ ಅರ್ಧ ಗಂಟೆಯಲ್ಲಿ ಹೇಳುತ್ತೇನೆ ಎಂದೆ ನಾನು. ನಂಬರು ಕೊಟ್ಟೆ ನೀನು. ಆ ನಂಬರು ಈಗಲೂ ಆ ದಿನದ ಹಾಳೆಯ ಅಂಚಿನಲ್ಲಿದೆ, ಆಡಿನ ಎದೆಬಡಿತದ ಪಕ್ಕದಲ್ಲಿ.

ಅವತ್ತು ಬೆಳಿಗ್ಗೆ ಜಗಳಗಂಟಿ ಕುಸಿದಿದ್ದಳು ಅಕ್ಕಾ. ಎರಡನೆಯ ಮದ್ದು ಹಾಕಿ ಇಪ್ಪತ್ತು ನಿಮಿಷಕ್ಕೆ ಮುಂಗಾಲು ಮಡಿಸಿ ಬಿದ್ದಳು. ಬಾಯಿಂದ ಜೊಲ್ಲು, ಎಡಹೊಟ್ಟೆ ಡೋಲಿನ ಹಾಗೆ ಉಬ್ಬಿತು, ಉಸಿರು ನಿಮಿಷಕ್ಕೆ ಆರಕ್ಕೆ ಇಳಿಯಿತು. ಮಾಮ ಅವಳ ಎದೆಯನ್ನು ತಮ್ಮ ಮೊಣಕಾಲಿಗೆ ಆನಿಸಿ ಹಿಡಿದರು, ನಾನು ಹೊಟ್ಟೆಗೆ ನಳಿಕೆ ಇಳಿಸಿದೆ, ಮದ್ದಿಗೆ ಎದುರು ಮದ್ದು ಕೊಟ್ಟೆ. ಒಂದೂವರೆ ಗಂಟೆಯಾದ ಮೇಲೆ ಎದ್ದಳು. ಎದ್ದವಳೇ ಮಾಮನ ಜೇಬಿನಲ್ಲಿದ್ದ ರಜೆಚೀಟಿ ತಿಂದಳು, ಅದು ಬೇರೆ ಮಾತು. ಆದರೆ ನಿನ್ನ ಫೋನು ಬಂದಾಗ ನನ್ನ ಕಣ್ಣ ಮುಂದೆ ಅಮ್ಮ ಇರಲಿಲ್ಲ, ಆ ಎದೆಗೂಡು ಇತ್ತು, ಮೇಲೇಳಲೋ ಬೇಡವೋ ಎನ್ನುವ ಹಾಗೆ. ನಾನು ಹೂಂ ಅಂದು, ಅಮ್ಮನಿಗೆ ಹಾಗೆ ಆಗಿಬಿಟ್ಟರೆ? ಹೆದರಿದೆ.

ಅರ್ಧ ಗಂಟೆ ಬಿಟ್ಟು ನಿನಗೆ ಫೋನ್ ಮಾಡಿದೆ. ಡಾಕ್ಟರ ಜೊತೆ ಮಾತಾಡಿದೆ ಎಂದೆ. ಈ ಸ್ಥಿತಿಯಲ್ಲಿ ಆಗುವುದಿಲ್ಲವಂತೆ, ರಕ್ತದ ರಿಪೋರ್ಟು ಸರಿಯಿಲ್ಲವಂತೆ, ನೀನು ಅತ್ತದ್ದು ನೋಡಲಾರದೆ ಬೆಳಿಗ್ಗೆ ಹಾಗೆ ಅಂದುಬಿಟ್ಟರಂತೆ ಎಂದೆ. ಅವರನ್ನು ಮತ್ತೆ ಕೇಳಬೇಡ, ಮುಜುಗರಪಡುತ್ತಾರೆ, ನರ್ಸಿಗೆ ಬೇಡ ಎಂದಷ್ಟೇ ಹೇಳು, ನಾನು ಭಾನುವಾರ ಬಂದು ನೋಡುತ್ತೇನೆ ಎಂದೆ. ಇಷ್ಟು ಸುಳ್ಳನ್ನು ಉಸಿರು ಕಟ್ಟದೆ ಹೇಳಿದೆ. ನೀನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನೀನು ಅಂದ್ಮೇಲೆ ಸರಿ ಬಿಡು" ಎಂದೆ. ಹತ್ತನೇ ಕ್ಲಾಸಿಗೇ ಹೊಲಿಗೆ ಮಿಷನ್ನಿಗೆ ಕೂತು ನನ್ನನ್ನು ಓದಿಸಿದವಳು ನೀನು. ನನ್ನ ಓದಿನ ಮೇಲೆ ನಿನಗಿದ್ದ ನಂಬಿಕೆಯನ್ನೇ ಅವತ್ತು ನಾನು ಬಳಸಿಕೊಂಡೆ.

ನರ್ಸು ಹಾಳೆಯಲ್ಲಿ 'ಮನೆಯವರು ಒಪ್ಪಲಿಲ್ಲ' ಎಂದು ಬರೆದರು. ಆ ಹಾಳೆಯನ್ನು ಆಮೇಲೆ ನಾನು ನೋಡಿದೆ. ಮಾರನೆಯ ಬೆಳಿಗ್ಗೆ ಡಾಕ್ಟರು ಅಮ್ಮನ ಮಂಚದ ಹತ್ತಿರ ನಿಂತು ನಿನ್ನನ್ನು ಮತ್ತೊಮ್ಮೆ ಕೇಳಿದರಲ್ಲ, ಬೇಡವಾ ಎಂದು. ನೀನು ಅವರ ಮುಖ ನೋಡದೆ ಬೇಡ ಎಂದೆ. "ಸರಿ, ನಿಮ್ಮಿಷ್ಟ" ಎಂದು ಹೋದರು. ಆ 'ನಿಮ್ಮಿಷ್ಟ'ವನ್ನು ನೀನು ಇವತ್ತಿಗೂ ಕ್ಷಮಿಸಿಲ್ಲ. ಕಲ್ಲುಹೃದಯದ ಮಾತು ಎನ್ನುತ್ತೀಯ. ನಿನ್ನ ಇಷ್ಟವೇ ಅದು ಎಂದು ಅವರು ನಿಜವಾಗಿಯೂ ನಂಬಿದ್ದರು ಅಕ್ಕಾ.

ಭಾನುವಾರ ಮಧ್ಯಾಹ್ನ ನಾನು ಬಂದೆ. ನೀನು ಬಾಗಿಲಲ್ಲೇ ನನ್ನ ಚೀಲ ಇಸಿದುಕೊಂಡೆ. ನಿನ್ನ ಕಣ್ಣ ಕೆಳಗೆ ಇದ್ದಿಲು ಬಳಿದ ಹಾಗಿತ್ತು. ಐದು ದಿನ ಕೂತೇ ನಿದ್ದೆ ಮಾಡಿದವಳು, "ಊಟ ಆಯ್ತಾ" ಎಂದು ಕೇಳಿದೆ. ವಾರ್ಡಿನೊಳಗೆ ಕಾಲಿಡುವಾಗ ನನಗೆ ಮೊದಲು ಕೇಳಿಸಿದ್ದು ಅಮ್ಮನ ಹಲ್ಲಿನ ಸದ್ದು. ಕಟಕಟ. ಆಡಿಗೆ ತಾಳಲಾರದ ನೋವಾದರೆ ಕೂಗುವುದಿಲ್ಲ, ಹೀಗೇ ಹಲ್ಲು ಮಸೆಯುತ್ತದೆ. ನನ್ನ ಹಾಳೆಯಲ್ಲಿ ಅದಕ್ಕೊಂದು ಅಂಕಣವೇ ಇತ್ತು. ಅಮ್ಮನ ಮುಖ ಕಾಣುವುದಕ್ಕೂ ಮೊದಲು ನನ್ನ ತಲೆ ತಾನಾಗಿಯೇ ಅಂಕ ಹಾಕಿತು. ಸೊನ್ನೆ.

ಸೋಮವಾರ ಬೆಳಿಗ್ಗೆ ನಾನೊಬ್ಬಳೇ ಡಾಕ್ಟರ ಕೋಣೆಗೆ ಹೋದೆನಲ್ಲ. ನಾನು ಜಗಳ ಮಾಡಿ ಒಪ್ಪಿಸಿದೆ ಎಂದು ನೀನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೀಯ. ಜಗಳವೂ ಇಲ್ಲ, ಮಣ್ಣೂ ಇಲ್ಲ. ಅವರು ಕುರ್ಚಿ ತೋರಿಸಿ, "ಮಂಗಳವಾರವೇ ಹೇಳಿದ್ದೆ, ಬೇಡ ಅಂದ್ರು. ಹೋಗ್ಲಿ, ಈಗಾದ್ರೂ ಬಂದ್ರಲ್ಲ" ಎಂದರು. ರಕ್ತದ ರಿಪೋರ್ಟು ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಆಗ ನಾನೇನು ಹೇಳಿದೆ ಗೊತ್ತೇ? "ನಮ್ಮಕ್ಕ ಓದಿದವಳಲ್ಲ ಸರ್, ಹೆದರಿಬಿಟ್ಟಳು" ಎಂದೆ.

ಈ ಕಾಗದದಲ್ಲಿ ನನಗೆ ಬರೆಯಲು ಅತಿ ಕಷ್ಟವಾದ ಸಾಲು ಇದೇ. ಒಂದು ಸುಳ್ಳನ್ನು ಅವರ ತಲೆಗೆ ಕಟ್ಟಿ ನಿನಗೆ ಮಾರಿದೆ, ಇನ್ನೊಂದನ್ನು ನಿನ್ನ ತಲೆಗೆ ಕಟ್ಟಿ ಅವರಿಗೆ ಮಾರಿದೆ. ನಡುವೆ ನಾನು ಬಿಳಿ ಕೋಟು ಹಾಕಿಕೊಂಡು ನಿಂತಿದ್ದೆ.

ನಳಿಕೆ ಇಡುವಾಗ ಅಮ್ಮನನ್ನು ಮಗ್ಗುಲಿಗೆ ಮಲಗಿಸಿ, ಮಂಡಿ ಹೊಟ್ಟೆಗೆ ಮಡಿಸಿ, ನಾನು ಮುಂದೆ ನಿಂತು ಅವಳ ಭುಜ ಹಿಡಿದಿದ್ದೆ. ಎಷ್ಟು ಹಗುರವಾಗಿದ್ದಳು! ಬೆನ್ನಿನ ಮೂಳೆಗಳನ್ನು ಮುಟ್ಟದೆಯೇ ಎಣಿಸಬಹುದಿತ್ತು. ಡಾಕ್ಟರ ಬೆರಳು ಒಂದು ಕ್ಷಣ ತಡೆದು ಮುಂದೆ ಸರಿದಾಗ, ಸೂಜಿ ಸರಿಯಾದ ಜಾಗಕ್ಕೆ ಹೋಯಿತು ಎಂದು ನನಗೂ ತಿಳಿಯಿತು. ಕಾಲು ಗಂಟೆಯಲ್ಲಿ ಹಲ್ಲಿನ ಸದ್ದು ನಿಂತಿತು. ಅಮ್ಮ ಕಣ್ಣು ಬಿಟ್ಟು ನಿನ್ನ ಕಡೆ ನೋಡಿ, "ಯಾರೋ ಬೆನ್ನ ಮೇಲಿನ ಇಸ್ತ್ರಿಪೆಟ್ಟಿಗೆ ಎತ್ತಿಟ್ಟಂಗಾಯ್ತು ಕಣೇ" ಎಂದಳು. ನೀನು ಗೋಡೆಗೆ ಮುಖ ಮಾಡಿ ಅತ್ತೆ. ನಾನು ಅಳಲಿಲ್ಲ. ಅಳುವ ಹಕ್ಕು ನನಗಿರಲಿಲ್ಲ, ನಿನಗದು ತಿಳಿದಿರಲಿಲ್ಲ. "ಇವಳದು ಗಟ್ಟಿ ಗುಂಡಿಗೆ" ಎಂದು ನೀನು ಪಕ್ಕದ ಮಂಚದವರಿಗೆ ಹೇಳಿದೆ.

ಆಮೇಲೆ ಮೂರು ದಿನ ನಮಗೆ ನಮ್ಮ ಅಮ್ಮ ಸಿಕ್ಕಳು. ಅರ್ಧ ಲೋಟ ಹಾಲು ಕುಡಿದಳು. ಹೊದಿಸಿದ ಚಾದರದ ಅಂಚು ಹಿಡಿದು ನೋಡಿ, "ಇದನ್ನ ಮಡಿಸಿದ್ದು ನಮ್ಮ ಹುಡುಗೀರಲ್ಲ, ಯಾರೋ ಹೊಸಬರು, ಮೂಲೆಗೆ ಮೂಲೆ ಕೂಡಿಸಿಲ್ಲ" ಎಂದು ಆಯಾಳನ್ನು ಕರೆದು ಬೈದಳು. ನಿನ್ನ ಕೈಲಿ ತಲೆ ಬಾಚಿಸಿಕೊಂಡಳು. ಕಾಲು ಸಾಯಲಿಲ್ಲ ಅಕ್ಕಾ. ಹೆಬ್ಬೆರಳು ಆಡಿಸಿ ತೋರಿಸಿದಳು, ನೆನಪಿದೆಯಾ? ನೀನು ಚಪ್ಪಾಳೆ ತಟ್ಟಿದೆ.

ಬುಧವಾರ ಸಂಜೆ ನೀನು ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತೇನೆ ಎಂದು ಹೋಗಿದ್ದಾಗ, ಅಮ್ಮ ನನ್ನನ್ನು ಕೇಳಿದಳು, "ಆಡುಗಳೆಲ್ಲ ಚೆನ್ನಾಗಿದಾವಾ?" ಚೆನ್ನಾಗಿವೆ ಎಂದೆ. "ಎಲ್ಲಾ ಮುಗೀತಾ?" ಮುಗಿಯಿತು ಎಂದೆ. "ನೀನು ಬರ್ತೀಯ ಅಂತ ಗೊತ್ತಿತ್ತು. ಮುಗಿಸ್ಕೊಂಡೇ ಬರ್ತೀಯ ಅಂತಾನೂ ಗೊತ್ತಿತ್ತು," ಎಂದು ನನ್ನ ಮುಂಗೈ ಸವರಿದಳು. ಬೈಗುಳವೋ, ಮೆಚ್ಚುಗೆಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಗುರುವಾರ ಬೆಳಿಗ್ಗೆ ನಾವಿಬ್ಬರೂ ಒಂದೊಂದು ಕೈ ಹಿಡಿದಿದ್ದಾಗ ಹೋದಳು. ನೋವಿಲ್ಲದೆ ಹೋದಳು ಎಂದು ಎಲ್ಲರೂ ಸಮಾಧಾನ ಹೇಳಿದರು. ಆ ಮಾತು ನಿಜವೇ. ಆದರೆ ಮೂರು ದಿನ ಸಿಕ್ಕದ್ದು ಎಂಟು ದಿನ ಸಿಗಬಹುದಿತ್ತು. ಆ ಐದು ದಿನದಲ್ಲಿ ಅವಳು ಇನ್ನೇನು ಹೇಳುತ್ತಿದ್ದಳೋ, ಯಾರನ್ನು ಬೈಯುತ್ತಿದ್ದಳೋ. ಅದನ್ನು ನಾನು ನಿನ್ನಿಂದ ಕಿತ್ತುಕೊಂಡೆ.

ಥೀಸಿಸ್ ಒಪ್ಪಿಗೆಯಾಯಿತು. ಬೆರಕೆ ಮದ್ದೇ ಒಳ್ಳೆಯದೆಂದು ಬಂತು, ಬೇಗ ಹಿಡಿದು ಬಹಳ ಹೊತ್ತು ನಿಲ್ಲುತ್ತದೆ. ಒಂದು ಸಮ್ಮೇಳನದಲ್ಲಿ ಓದಿದೆ, ಬಹುಮಾನ ಕೊಟ್ಟರು. ನನ್ನ ಗೈಡ್ ಮೇಡಂ ವೇದಿಕೆಯ ಮೇಲೆಯೇ, ಮನೆಯಲ್ಲಿ ಅಂಥ ಕಷ್ಟವಿದ್ದರೂ ಒಂದು ದಿನದ ಪ್ರಯೋಗವನ್ನೂ ಈ ಹುಡುಗಿ ತಪ್ಪಿಸಲಿಲ್ಲ ಎಂದು ಹೊಗಳಿದರು. ಹದಿನೆಂಟಕ್ಕೆ ಹದಿನೆಂಟೂ ಪೂರ್ತಿ. ಜನ ಚಪ್ಪಾಳೆ ತಟ್ಟಿದರು. ನಾನು ಕೆಳಗಿಳಿದು ಬಂದು ಹೆಂಗಸರ ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ. ಬಸ್ಸಿನ ಊಟ ಹಿಡಿಸಲಿಲ್ಲ ಎಂದು ನಿನಗೆ ಬರೆದಿದ್ದೆ.

ಆ ಥೀಸಿಸ್ಸಿನ ಮೊದಲ ಪುಟದಲ್ಲಿ 'ನೋವನ್ನು ಮಾತಿಲ್ಲದೆ ಸಹಿಸಿದ ಅಮ್ಮನಿಗೆ' ಎಂದು ಅಚ್ಚು ಹಾಕಿಸಿದೆ. ನೀನು ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ, ಮಿಷನ್ನಿನ ಮೇಲಿನ ಗೋಡೆಗೆ ತೂಗುಹಾಕಿದ್ದೀಯ. ನಿನ್ನ ಕಾಗದ ಓದುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಅದೇ. ಆ ಡಾಕ್ಟರು ಹರಿದ ಕೋಟು ಹಿಡಿದುಕೊಂಡು ಅದರ ಕೆಳಗೇ ನಿಂತಿರಬೇಕು. ನೀನು ತಂಗಿ, ಫೋನು ಎಂದ ಕೂಡಲೇ ಅವರಿಗೆ ಎಲ್ಲ ಹೊಳೆದಿದೆ. ತಾವು ಯಾರ ಜೊತೆಯೂ ಮಾತಾಡಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಮೂವರು ಗಿರಾಕಿಗಳ ಮುಂದೆ ಅವರ ಮಾನ ಉಳಿಯುತ್ತಿತ್ತು. ಆದರೆ ನಿನಗೆ ನಾನೊಬ್ಬಳು ಉಳಿಯುತ್ತಿರಲಿಲ್ಲ. ಅಷ್ಟನ್ನು ಲೆಕ್ಕ ಹಾಕಿ, ಮರೆತುಹೋಗಿದೆ ಎಂದು ಹೇಳಿ ಹೋದರು. ಯಾರೋ ಗುರುತಿಲ್ಲದ ಅಕ್ಕತಂಗಿಯರಿಗಾಗಿ ಒಬ್ಬ ಮನುಷ್ಯ ಇಷ್ಟು ಮಾಡುತ್ತಾನೆ ಎಂದರೆ, ನಾನು ಇನ್ನು ಬಾಯಿ ಮುಚ್ಚಿಕೊಂಡಿರುವುದು ಹೇಗೆ?

ಶನಿವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಮೊದಲು ಆಸ್ಪತ್ರೆಗೆ ಹೋಗಿ ಅವರನ್ನು ಕಂಡು, ನಿನ್ನ ಬಗ್ಗೆ ಹೇಳಿದ ಸುಳ್ಳನ್ನು ವಾಪಸು ತೆಗೆದುಕೊಳ್ಳುತ್ತೇನೆ. ಆಮೇಲೆ ಅಂಗಡಿಯ ಎದುರು ರಸ್ತೆಯಾಚೆ ನಿಂತಿರುತ್ತೇನೆ. ಕರೆದರೆ ಒಳಗೆ ಬರುತ್ತೇನೆ. ಕರೆಯದಿದ್ದರೆ ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತೇನೆ, ನಿನ್ನನ್ನು ದೂರುವುದಿಲ್ಲ. ನೀನು ಅವರ ಮನೆ ಹುಡುಕಿ ಆ ಕೋಟು ಕೇಳಿ ತರಿಸಿಕೋ ಎಂದು ಹೇಳುವಷ್ಟು ಮುಖ ನನಗಿಲ್ಲ. ಆದರೆ ನೀನು ಹೋಗುತ್ತೀಯ, ನನಗೆ ಗೊತ್ತು. ಗೋಡೆಯ ಮೇಲಿನ ಆ ಕಟ್ಟನ್ನು ಮಾತ್ರ ನಾನು ಬರುವ ಮೊದಲೇ ಇಳಿಸಿಬಿಡು. ಅಮ್ಮ ಮಾತಿಲ್ಲದೆ ಸಹಿಸಲಿಲ್ಲ. ಕೇಳು ಎಂದಳು, ನೀನು ಕೇಳಿದೆ, ನಾನು ಉತ್ತರ ಕೊಡಲಿಲ್ಲ.

ಮಳೆ ಬರುವ ಹಾಗಿದೆ. ಕೆಳಗೆ ಯಾರೋ ಆಡು ತಂದಿದ್ದಾರಂತೆ, ಮರಿ ಅಡ್ಡ ಸಿಕ್ಕಿಕೊಂಡಿದೆಯಂತೆ. ಕರೆಯುತ್ತಿದ್ದಾರೆ. ಹೋಗಬೇಕು.

ಮೈ ಕಡೆ ನೋಡಿಕೋ. ಕೂತಲ್ಲೇ ಬಗ್ಗಿ ಹೊಲಿಯಬೇಡ, ನಿನಗೂ ಬೆನ್ನು ಇದೆ.

ಇಂತಿ ನಿನ್ನ ತಂಗಿ,
ಮೊಂಡಿ

ಮರೆತ ಮಾತು: ಮರೆತ ಮಾತು ಎಂದು ಬರೆದದ್ದೂ ಸುಳ್ಳೇ. ಕೆಳಗಿನ ಕೇಸು ಮುಗಿಸಿ ಬಂದೆ. ಆಡೂ ಎರಡು ಮರಿಯೂ ಉಳಿದವು. ಕೈ ತೊಳೆದು, ಲಕೋಟೆಗೆ ಅಂಟು ಹಚ್ಚುವ ಮೊದಲು ಆ ವಾರದ ಹಾಳೆಗಳನ್ನು ತೆಗೆದು ನೋಡಿದೆ. ನೋಡುವ ಅಗತ್ಯವಿರಲಿಲ್ಲ, ನನಗೆ ಗೊತ್ತಿತ್ತು. ಜಗಳಗಂಟಿ ಬುಧವಾರದ ಆಡು. ಅವಳು ಕುಸಿದದ್ದು ನಿನ್ನ ಫೋನು ಬಂದ ಮಾರನೆಯ ದಿನ. ನಾನು ಹೆದರಿದ್ದು ನಿಜ, ಆದರೆ ನಿನಗೆ ಬೇಡ ಎಂದು ಹೇಳಿ ಆದ ಮೇಲೆ. ಆಮೇಲಿನ ಈ ಹದಿಮೂರು ತಿಂಗಳಲ್ಲಿ ಆ ಎರಡು ದಿನಗಳನ್ನು ಎಷ್ಟು ಸಲ ಅದಲು ಬದಲು ಮಾಡಿಕೊಂಡೆನೆಂದರೆ, ನನಗೇ ಅದು ನಿಜವೆನಿಸತೊಡಗಿತ್ತು. ಮಂಗಳವಾರ ಕಿವಿಹರುಕಿಯ ಸರದಿ. ಅವಳಿಗೆ ಏನೂ ಆಗಿರಲಿಲ್ಲ. ಬೆರಕೆ ಮದ್ದು ಹಾಕಿದ್ದೆ, ನಿಂತು ಮೇವು ತಿನ್ನುತ್ತಿದ್ದಳು. ನೀನು ಸೈನ್ ಹಾಕಿದರೆ ಅವತ್ತೇ ಹೊರಡಬೇಕಿತ್ತು, ಹೊರಟರೆ ಐದು ಆಡುಗಳ ಅಳತೆ ಹಾಳಾಗಿ ಮೂರು ವಾರದ ಕೆಲಸ ಮೊದಲಿನಿಂದ ಮಾಡಬೇಕಿತ್ತು. ಅಷ್ಟೇ ಕಾರಣ. ನಿನ್ನ ಫೋನು ಇಟ್ಟ ತಕ್ಷಣ ನಾನು ಗಡಿಯಾರ ನೋಡಿದೆ. ಐದು ನಿಮಿಷದ ಒಂದು ಚುಚ್ಚು ತಪ್ಪಿಹೋಗಿತ್ತು. ಅಯ್ಯೋ ಎಂದೆ. ಅಕ್ಕಾ, ಆ ಅಯ್ಯೋ ಅಮ್ಮನಿಗಲ್ಲ.